ತೊಂಬತ್ತರಲ್ಲಿ ಮೂವತ್ತೆಂಟು ಅಗುಳು: ವಿದ್ಯಾರ್ಥಿಗಳ ಫೀಡ್‌ಬ್ಯಾಕನ್ನು ಮೇಷ್ಟ್ರು ಓದೋದು ಹೇಗೆ?

ಈ ಸಂಚಿಕೆಯ ವಿಷಯ ನಾವು ಹುಡುಕಿಕೊಂಡು ಹೋದದ್ದಲ್ಲ. ಒಂದು ಫೋನ್ ಕರೆಯಲ್ಲಿ ತಾನಾಗಿಯೇ ಬಂತು.

ಡಿಸೆಂಬರ್ ಕೊನೆಯ ವಾರ. ನಮ್ಮ ಗೆಳತಿಯೊಬ್ಬರು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಮೊದಲ ಕೋರ್ಸ್ ಪಾಠ ಮಾಡ್ತಾರೆ. ದಾವಣಗೆರೆ ಕಡೆಯವರು. ಕೆಲಸ ಕಾಯಂ ಅಲ್ಲ, ವರ್ಷಕ್ಕೊಮ್ಮೆ ಒಪ್ಪಂದ ಹೊಸದಾಗಬೇಕು. ಒಪ್ಪಂದದ ಮೇಲೆ ವೀಸಾ ನಿಂತಿದೆ, ವೀಸಾದ ಮೇಲೆ ಮನೆ, ಮಗನ ಶಾಲೆ ಎಲ್ಲ ನಿಂತಿವೆ. ಅವತ್ತು ರಾತ್ರಿ ಇ-ಮೇಲ್ ಬಂದಿತ್ತು: ನಿಮ್ಮ ಕೋರ್ಸಿನ ಮೌಲ್ಯಮಾಪನ ಸಿದ್ಧವಾಗಿದೆ, ನೋಡಬಹುದು. ಈ ಮೌಲ್ಯಮಾಪನ ಮೇಷ್ಟ್ರು ಮಕ್ಕಳಿಗೆ ಮಾಡಿದ್ದಲ್ಲ, ಮಕ್ಕಳು ಮೇಷ್ಟ್ರಿಗೆ ಮಾಡಿದ್ದು. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಹೆಸರು ಹಾಕದೆ ತುಂಬುವ ಫಾರಂ. ಒಂದರಿಂದ ಐದರವರೆಗೆ ಅಂಕ, ಕೆಳಗೆ ಬರೆಯೋಕೆ ಒಂದು ಖಾಲಿ ಜಾಗ.

ಸರಾಸರಿ 3.9. ಇಲಾಖೆಯ ಸರಾಸರಿ 4.2. ಕೆಳಗೆ 26 ಟಿಪ್ಪಣಿಗಳು. ಅದರಲ್ಲಿ ಒಂದು ಹೀಗಿತ್ತು: ಈಕೆಯ ಆ್ಯಕ್ಸೆಂಟ್‌ನಿಂದಾಗಿ ಇಡೀ ಸೆಮಿಸ್ಟರ್ ಒಂದಕ್ಷರ ಅರ್ಥವಾಗಲಿಲ್ಲ, ಇಂಗ್ಲಿಷ್ ಬರೋರನ್ನ ತಗೊಳ್ಳಿ.

ಅವರು ಫೋನ್ ಮಾಡಿದ್ದು ಇದನ್ನ ಓದಿ ಹೇಳೋಕೆ. ಉಳಿದ 25ರಲ್ಲಿ ಏನಿತ್ತು ಅಂತ ಕೇಳಿದ್ರೆ, ನೆನಪಿಲ್ಲ ಅಂದ್ರು. ಆಗ ತಾನೇ ಓದಿದ್ದರು, ಆದರೂ ನೆನಪಿಲ್ಲ. ಪಾಠ ಮಾಡುವ ಕೇಳುಗರು ಇಲ್ಲಿ ತಲೆ ಆಡಿಸ್ತಾ ಇರ್ತಾರೆ ಅಂತ ನಮಗೆ ಗೊತ್ತು.

ಹಾಗಾದ್ರೆ ಈ ಕಾಗದವನ್ನ ಏನು ಮಾಡಬೇಕು? ಹರಿದು ಹಾಕಬೇಕಾ, ದೇವರ ಪ್ರಸಾದ ಅಂತ ಕಣ್ಣಿಗೊತ್ತಿಕೊಳ್ಳಬೇಕಾ? ಇದರ ಬಗ್ಗೆ ಸುಮಾರು ನೂರು ವರ್ಷಗಳಿಂದ ಸಂಶೋಧನೆ ನಡೀತಾ ಇದೆ. 1920ರ ದಶಕದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಹರ್ಮನ್ ರೆಮ್ಮರ್ಸ್, ವಾಷಿಂಗ್ಟನ್ ವಿಶ್ವವಿದ್ಯಾಲಯದ ಎಡ್ವಿನ್ ಗಥ್ರಿ ಎಂಬ ಮನೋವಿಜ್ಞಾನಿಗಳು ಈ ಕೆಲಸ ಶುರು ಮಾಡಿದಾಗ ಉದ್ದೇಶ ಸರಳವಾಗಿತ್ತು. ತರಗತಿಯಲ್ಲಿ ಕೂತವರಿಗೆ ತಮ್ಮ ಪಾಠ ಹೇಗೆ ಕಾಣುತ್ತೆ ಅನ್ನೋದು ಮೇಷ್ಟ್ರಿಗೆ ಗೊತ್ತಾಗಲಿ, ಅಷ್ಟೇ. ಆ ಅಂಕಗಳು ಬಡ್ತಿಯ ಫೈಲಿಗೆ, ಕೆಲಸ ಉಳಿಯೋದು ಹೋಗೋದರ ಲೆಕ್ಕಕ್ಕೆ ಸೇರಿಕೊಂಡದ್ದು ಆಮೇಲೆ. ಕಲಿಯೋಕೆ ಅಂತ ಕೊಟ್ಟ ಕನ್ನಡಿ ತಕ್ಕಡಿಯಾಗಿಬಿಟ್ಟಿತು. ತಕ್ಕಡಿಯಲ್ಲಿ ಕೂತ ಮನುಷ್ಯ ತನ್ನ ತೂಕವನ್ನ ಮಾತ್ರ ನೋಡ್ತಾನೆ, ಮುಖ ನೋಡಿಕೊಳ್ಳೋದಿಲ್ಲ.

ಮೊದಲು ಆ ಆ್ಯಕ್ಸೆಂಟಿನ ಮಾತನ್ನೇ ತಗೊಳ್ಳೋಣ. ಜಾರ್ಜಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ರೂಬಿನ್ 1992ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 62 ವಿದ್ಯಾರ್ಥಿಗಳಿಗೆ ಧ್ವನಿಮುದ್ರಿತ ಪಾಠ ಕೇಳಿಸಿದರು. ಮಾತಾಡಿದ್ದು ಇಂಗ್ಲಿಷನ್ನೇ ತಾಯ್ನುಡಿಯಾಗಿ ಆಡುವ ಅಮೆರಿಕನ್ ಮಹಿಳೆ. ಕೇಳುವಾಗ ಎದುರಿಗೆ ಒಂದು ಫೋಟೋ, ಇವರೇ ನಿಮ್ಮ ಅಧ್ಯಾಪಕಿ ಅಂತ. ಕೆಲವರಿಗೆ ಬಿಳಿಯ ಮಹಿಳೆಯ ಫೋಟೋ, ಕೆಲವರಿಗೆ ಪೂರ್ವ ಏಷ್ಯಾದ ಮಹಿಳೆಯ ಫೋಟೋ. ಧ್ವನಿ ಮಾತ್ರ ಒಂದೇ. ಏಷ್ಯಾದ ಮುಖ ನೋಡಿದವರಿಗೆ ಇಲ್ಲದ ಆ್ಯಕ್ಸೆಂಟ್ ಕೇಳಿಸಿತು! ಅದು ಸಾಲದು ಅಂತ, ಪಾಠ ಎಷ್ಟು ಅರ್ಥವಾಯ್ತು ಅನ್ನೋ ಪರೀಕ್ಷೆಯಲ್ಲೂ ಅವರ ಅಂಕ ಕಡಿಮೆ ಬಂತು. ಈ ಕೊನೆಯ ಭಾಗವನ್ನ ಇನ್ನೊಂದು ಸಲ ಯೋಚಿಸಿ. ಆ ವಿದ್ಯಾರ್ಥಿಗಳು ಸುಳ್ಳು ಹೇಳ್ತಾ ಇರಲಿಲ್ಲ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅದಕ್ಕೆ ಕಾರಣ ಕಿವಿಯಲ್ಲಿ ಇರಲಿಲ್ಲ, ಕಣ್ಣಲ್ಲಿತ್ತು.

ಹೆಸರಿನದೂ ಇದೇ ಕಥೆ. 2015ರಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಲಿಲಿಯನ್ ಮ್ಯಾಕ್‌ನೆಲ್ ಮತ್ತು ಸಂಗಡಿಗರು ಒಂದು ಆನ್‌ಲೈನ್ ಕೋರ್ಸಿನ ಇಬ್ಬರು ಸಹಾಯಕ ಅಧ್ಯಾಪಕರನ್ನ, ಒಬ್ಬ ಗಂಡಸು ಒಬ್ಬ ಹೆಂಗಸು, ಹೆಸರು ಅದಲು ಬದಲು ಮಾಡಿ ಕೂರಿಸಿದರು. ಪ್ರತಿಯೊಬ್ಬರೂ ಒಂದು ಗುಂಪಿಗೆ ತಮ್ಮ ಹೆಸರಲ್ಲಿ, ಇನ್ನೊಂದು ಗುಂಪಿಗೆ ಇನ್ನೊಬ್ಬರ ಹೆಸರಲ್ಲಿ ಪಾಠ ಮಾಡಿದರು. ವಿದ್ಯಾರ್ಥಿಗಳು ಮುಖ ನೋಡಿಲ್ಲ, ಧ್ವನಿ ಕೇಳಿಲ್ಲ. ಉತ್ತರ ಪತ್ರಿಕೆಗಳನ್ನ ಎಲ್ಲ ಗುಂಪಿಗೂ ಒಂದೇ ಹೊತ್ತಿಗೆ ವಾಪಸ್ ಕೊಡಲಾಯ್ತು. ಆದರೂ ಸಮಯಪಾಲನೆಗೆ ಗಂಡಿನ ಹೆಸರಿಗೆ ಐದಕ್ಕೆ 4.35 ಬಂತು, ಹೆಣ್ಣಿನ ಹೆಸರಿಗೆ 3.55. ಮೌಲ್ಯಮಾಪನ ಮಾಡಿದ್ದು 43 ವಿದ್ಯಾರ್ಥಿಗಳು ಮಾತ್ರ, ಚಿಕ್ಕ ಅಧ್ಯಯನ, ಅದನ್ನ ಮರೆಯೋದು ಬೇಡ. ಆದರೆ ಮರುವರ್ಷ ಆ್ಯನ್ ಬೋರಿಂಗ್, ಕೆಲ್ಲಿ ಓಟೊಬೋನಿ, ಫಿಲಿಪ್ ಸ್ಟಾರ್ಕ್ ಫ್ರಾನ್ಸಿನ 23,000ಕ್ಕೂ ಹೆಚ್ಚು ಮೌಲ್ಯಮಾಪನಗಳನ್ನ ಜಾಲಾಡಿದಾಗಲೂ ಹೆಣ್ಣುಮಕ್ಕಳ ವಿರುದ್ಧದ ವಾಲುವಿಕೆ ಕಂಡಿತು.

ನಮ್ಮಲ್ಲಿ ಒಬ್ಬರು ಜರ್ಮನಿಯಲ್ಲಿ ಇರೋದರಿಂದ ಅಲ್ಲಿನ ಒಂದು ಅಧ್ಯಯನವನ್ನೂ ಹೇಳಲೇಬೇಕು ಅಂತ ಹಟ. ಮ್ಯೂನ್‌ಸ್ಟರ್‌ನಲ್ಲಿ 118 ವೈದ್ಯಕೀಯ ವಿದ್ಯಾರ್ಥಿಗಳನ್ನ 20 ಗುಂಪು ಮಾಡಿ, ಅರ್ಧ ಗುಂಪುಗಳಿಗೆ ತರಗತಿಯಲ್ಲಿ ಚಾಕೊಲೇಟ್ ಬಿಸ್ಕತ್ತು ಇಟ್ಟರು. ಬಿಸ್ಕತ್ತು ತಿಂದವರು ಮೇಷ್ಟ್ರಿಗೆ ಹೆಚ್ಚು ಅಂಕ ಕೊಟ್ಟರು, ಪಾಠದ ಸಾಮಗ್ರಿಯೂ ಚೆನ್ನಾಗಿದೆ ಅಂದರು. ಪ್ರಕಟವಾದದ್ದು 2018ರಲ್ಲಿ. ನಮ್ಮ ಊರಲ್ಲಿ ಇದನ್ನ ಕಂಡುಹಿಡಿಯೋಕೆ ಪ್ರಯೋಗ ಬೇಕಿರಲಿಲ್ಲ ಬಿಡಿ, ಯಾವ ಮದುವೆ ಮನೆಯಲ್ಲಿ ಕೇಳಿದ್ರೂ ಹೇಳ್ತಿದ್ರು.

ಇಲ್ಲಿಗೆ ನಿಲ್ಲಿಸಿದ್ರೆ ಮೇಷ್ಟ್ರುಗಳಿಗೆ ಬಹಳ ಖುಷಿಯಾಗುತ್ತೆ. ನೋಡಿದ್ರಾ, ಎಲ್ಲಾ ಪೂರ್ವಗ್ರಹ, ನನ್ನ ಪಾಠದ ತಪ್ಪೇನಿಲ್ಲ ಅಂತ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಮಾಷೆ ಏನಂದ್ರೆ ಇಲ್ಲಿ ನೆಲ ನಿಜಕ್ಕೂ ಡೊಂಕಾಗಿದೆ. ಆದರೆ ನೆಲ ಡೊಂಕು ಅಂತ ಗೊತ್ತಾದ ಮಾತ್ರಕ್ಕೆ ಕುಣಿತ ಸರಿಯಾಗಿದೆ ಅಂತಲ್ಲ. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕಾಗುತ್ತೆ.

ಅದಕ್ಕೆ ಕೇಳಬೇಕಾದ ಪ್ರಶ್ನೆ ಇದು: ವಿದ್ಯಾರ್ಥಿಗೆ ಯಾವುದು ಗೊತ್ತಿರುತ್ತೆ, ಯಾವುದು ಗೊತ್ತಿರೋದಿಲ್ಲ? ಊಟ ಮಾಡಿದವರಿಗೆ ಸಾರಿಗೆ ಉಪ್ಪು ಜಾಸ್ತಿಯಾಗಿದ್ದು ಗೊತ್ತಾಗುತ್ತೆ, ಅದನ್ನ ಅಡುಗೆಯವರಿಗಿಂತ ಚೆನ್ನಾಗಿ ಹೇಳ್ತಾರೆ. ಸೊಪ್ಪಿನಿಂದ ಮೈಗೆ ಕಬ್ಬಿಣಾಂಶ ಎಷ್ಟು ಸೇರಿತು ಅನ್ನೋದನ್ನ ನಾಲಗೆ ಹೇಳೋಕಾಗಲ್ಲ.

ಹಾಗೇನೇ 'ನಾನು ಎಷ್ಟು ಕಲಿತೆ' ಅನ್ನೋದು. ಇದು ವಿದ್ಯಾರ್ಥಿಗೇ ಚೆನ್ನಾಗಿ ಗೊತ್ತಿರಬೇಕು ಅಂತ ಅನ್ನಿಸುತ್ತೆ ಅಲ್ವಾ? 2019ರಲ್ಲಿ ಹಾರ್ವರ್ಡ್‌ನ ಲೂಯಿ ಡೆಲೋರಿಯೆ ಮತ್ತು ಸಂಗಡಿಗರು ಭೌತಶಾಸ್ತ್ರದ ಮೊದಲ ಕೋರ್ಸಿನಲ್ಲಿ ಇದನ್ನ ಪರೀಕ್ಷಿಸಿದರು. ವಿದ್ಯಾರ್ಥಿಗಳನ್ನ ಚೀಟಿ ಎತ್ತಿದ ಹಾಗೆ ಎರಡು ಭಾಗ ಮಾಡಿದರು. ಒಂದು ಗುಂಪಿಗೆ ನುರಿತ ಅಧ್ಯಾಪಕರ ನಿರರ್ಗಳ ಉಪನ್ಯಾಸ. ಇನ್ನೊಂದು ಗುಂಪಿಗೆ ಅದೇ ವಿಷಯ, ಅದೇ ಲೆಕ್ಕಗಳು, ಆದರೆ ಮೊದಲು ನೀವೇ ಅಕ್ಕಪಕ್ಕದವರ ಜೊತೆ ಕೂತು ತಿಣುಕಾಡಿ, ಆಮೇಲೆ ಹೇಳ್ತೀವಿ ಅನ್ನೋ ಪದ್ಧತಿ. ಮುಂದಿನ ತರಗತಿಯಲ್ಲಿ ಗುಂಪು ಅದಲು ಬದಲು. ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದದ್ದು ತಿಣುಕಾಡಿದವರು. 'ಚೆನ್ನಾಗಿ ಕಲಿತೆ' ಅಂತ ಹೆಚ್ಚಾಗಿ ಹೇಳಿದ್ದು ಉಪನ್ಯಾಸ ಕೇಳಿದವರು. ಸಲೀಸಾಗಿ ಹರಿಯುವ ಮಾತು ಕೇಳುವಾಗ ನಮಗೂ ಅದು ಗೊತ್ತು ಅನ್ನಿಸಿಬಿಡುತ್ತೆ. ಕಷ್ಟಪಡುವಾಗ ನಾನು ದಡ್ಡ ಅನ್ನಿಸುತ್ತೆ.

ಇನ್ನೂ ದೊಡ್ಡ ಮಟ್ಟದಲ್ಲಿ, 2010ರಲ್ಲಿ ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ವಾಯುಪಡೆ ಅಕಾಡೆಮಿಯ ದಾಖಲೆಗಳನ್ನ ನೋಡಿದರು. ಅಲ್ಲಿ ಯಾರಿಗೆ ಯಾವ ಮೇಷ್ಟ್ರು ಅಂತ ವಿದ್ಯಾರ್ಥಿ ಆರಿಸಿಕೊಳ್ಳೋ ಹಾಗಿಲ್ಲ, ಎಲ್ಲರಿಗೂ ಒಂದೇ ಪರೀಕ್ಷೆ. ತಮ್ಮ ಕೋರ್ಸಿನ ಪರೀಕ್ಷೆಯಲ್ಲಿ ಚೆನ್ನಾಗಿ ಅಂಕ ಬರುವ ಹಾಗೆ ಮಾಡಿದ ಅಧ್ಯಾಪಕರಿಗೆ ಫೀಡ್‌ಬ್ಯಾಕ್ ಚೆನ್ನಾಗಿತ್ತು. ಆದರೆ ಸರಾಸರಿಯಲ್ಲಿ ಅವರ ವಿದ್ಯಾರ್ಥಿಗಳು ಮುಂದಿನ, ಕಷ್ಟದ ಕೋರ್ಸುಗಳಲ್ಲಿ ಹಿಂದೆ ಬಿದ್ದರು. ನಮ್ಮ ಊರಿನ ಟ್ಯೂಷನ್ ಮೇಷ್ಟ್ರುಗಳು ಕೆಲವರು ನೆನಪಾಗ್ತಾರೆ, ಹೆಸರು ಬೇಡ.

ಸರಿ, ನಮ್ಮ ಗೆಳತಿಯ ಕಡೆ ಬರೋಣ. ಆ ಶನಿವಾರ ನಾವು ಮೂವರೂ ಜೂಮ್‌ನಲ್ಲಿ ಕೂತೆವು. ಅವರೇ ಸಂಖ್ಯಾಶಾಸ್ತ್ರದವರು, ಆದರೆ ತಮ್ಮದೇ ಅಂಕ ಬಂದಾಗ ಪಾಠ ಮಾಡಿದ್ದೆಲ್ಲ ಮರೆತುಹೋಗಿತ್ತು. 90 ಜನರ ತರಗತಿ. ಫಾರಂ ತುಂಬಿದವರು 38. ಎಲ್ಲರಿಗೂ ಬರೀ ಒಂದು ಕೊಟ್ಟವರು ಇಬ್ಬರು. ಆ ಇಬ್ಬರು ಅವತ್ತು ಫಾರಂ ತುಂಬದೆ ಕ್ಯಾಂಟೀನಿಗೆ ಹೋಗಿದ್ದರೆ 3.9 ಇದ್ದದ್ದು 4.1ರ ಹತ್ತಿರ ಬರ್ತಿತ್ತು. ಇಲಾಖೆಯ ಸರಾಸರಿಗೂ ಅವರಿಗೂ ಇದ್ದ ವ್ಯತ್ಯಾಸದ ಅರ್ಧಕ್ಕಿಂತ ಹೆಚ್ಚು ಆ ಇಬ್ಬರದೇ.

ಅವರ ತರಗತಿಯಲ್ಲಿ ಒಂದು ಪ್ರಸಿದ್ಧ ಪಾಠ ಇದೆ. ಸ್ಯಾಂಪಲ್ ಅಂದ್ರೇನು ಅಂತ ಹೇಳೋಕೆ ಒಂದು ಸಣ್ಣ ಪಾತ್ರೆ, ಅಕ್ಕಿ, ಕರೆಂಟ್ ಒಲೆ ಎಲ್ಲ ತಗೊಂಡು ಹೋಗ್ತಾರೆ. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದಗುಳು ಹಿಚುಕಿದ್ರೆ ಸಾಕು ಅಂತ ನಮ್ಮ ಅಜ್ಜಿಯರು ಹೇಳ್ತಿದ್ರಲ್ಲ, ಅದು ಯಾವಾಗ ನಿಜ? ಪಾತ್ರೆಯನ್ನ ಕೈಯಾಡಿಸಿದ್ದರೆ ಮಾತ್ರ. ಇಲ್ಲದಿದ್ರೆ ತಳದ್ದು ಸೀದಿರುತ್ತೆ, ಮೇಲಿನದು ಹಸಿ. ಈಗ ಈ 38 ಅಗುಳು ಎಲ್ಲಿಂದ ಬಂದವು? ತುಂಬಾ ಇಷ್ಟಪಟ್ಟವರು, ತುಂಬಾ ಸಿಟ್ಟಾದವರು, ಅಥವಾ ಇ-ಮೇಲ್ ಬಂದ ಕೂಡಲೇ ಉತ್ತರ ಕೊಡೋ ಸ್ವಭಾವದವರು. ಉಳಿದ 52 ಜನ ಪಾತ್ರೆಯ ಮಧ್ಯದಲ್ಲೇ ಇದ್ದಾರೆ, ಅವರ ಬಗ್ಗೆ ಈ ಕಾಗದ ಏನೂ ಹೇಳೋದಿಲ್ಲ. ಇದನ್ನ ನಾವು ಹೇಳಿದಾಗ ಅವರು ನಕ್ಕರು. ಆ ವಾರದಲ್ಲಿ ಮೊದಲ ಸಲ.

ಆಮೇಲೆ ಅಂಕಗಳನ್ನ ಪಕ್ಕಕ್ಕಿಟ್ಟು 26 ಟಿಪ್ಪಣಿಗಳನ್ನ ಒಂದು ಸ್ಪ್ರೆಡ್‌ಶೀಟಿಗೆ ಹಾಕಿದೆವು. ಓದಿ ಹೇಳಿದ್ದು ನಾವು, ಅವರಲ್ಲ. ಇದು ಮುಖ್ಯ. ಬೇರೆಯವರ ದನಿಯಲ್ಲಿ ಕೇಳಿದಾಗ ಬೈಗುಳದ ಕಾವು ಅರ್ಧ ಇಳಿಯುತ್ತೆ. ಸುಮ್ಮನೆ ಹೊಗಳಿದ್ದು 11. ಪಾಠದ ವೇಗ, ಸ್ಲೈಡು, ಉದಾಹರಣೆಗಳ ಬಗ್ಗೆ 7. ಕೇಳಿಸೋದಿಲ್ಲ ಅಂತ 4. ಮೇಷ್ಟ್ರ ಕೈಯಲ್ಲೇ ಇಲ್ಲದ ವಿಷಯ, ಬೆಳಿಗ್ಗೆ ಎಂಟರ ತರಗತಿ, ಪುಸ್ತಕದ ಬೆಲೆ, ಅಂಥವು 3. ಇನ್ನೊಂದು ಆ ಆ್ಯಕ್ಸೆಂಟಿನದು.

ಮೊದಲು ಕಣ್ಣಿಗೆ ಬಿದ್ದದ್ದೇನು ಗೊತ್ತಾ? ಹೊಗಳಿಕೆಯಿಂದಲೂ ಕಲಿಯೋಕೆ ಏನೂ ಇರಲಿಲ್ಲ. 'ಒಳ್ಳೆ ಟೀಚರ್', 'ಬಹಳ ಚೆನ್ನಾಗಿತ್ತು' ಅನ್ನೋದು ಮನಸ್ಸಿಗೆ ತಂಪು, ಮುಂದಿನ ಸೋಮವಾರದ ಪಾಠಕ್ಕೆ ಉಪಯೋಗವಿಲ್ಲ. ಆ 11ರಲ್ಲಿ ಮೂರು ಮಾತ್ರ ಅನ್ನದ ಪಾತ್ರೆಯ ಪಾಠವನ್ನ ಹೆಸರಿಸಿದ್ದವು. ಅದು ಮಾಹಿತಿ. ಇನ್ನು ಆ ಏಳರಲ್ಲಿ ಐದು ಒಂದೇ ಮಾತು ಹೇಳ್ತಿದ್ದವು: ಸಂಭವನೀಯತೆಯ ಅಧ್ಯಾಯ ಶುರುವಾದ ಮೇಲೆ ಬರೆದುಕೊಳ್ಳೋದರೊಳಗೆ ಸ್ಲೈಡ್ ಮುಂದೆ ಹೋಗಿಬಿಡುತ್ತೆ. ಇವರು ಐವರೂ ಒಬ್ಬರ ಜೊತೆ ಒಬ್ಬರು ಮಾತಾಡಿಕೊಂಡು ಬರೆದಿರೋದು ಅನುಮಾನ. ಯಾವ ವಾರ, ಯಾವ ಪಾಠ, ಏನಾಯ್ತು ಅನ್ನೋದು ಇದ್ದರೆ ಅದನ್ನ ಮೇಷ್ಟ್ರು ಹೋಗಿ ಪರೀಕ್ಷಿಸಬಹುದು. ಅವರು ಸ್ಲೈಡ್ ತೆಗೆದು ನೋಡಿದರು. ಐದನೇ ವಾರದಲ್ಲಿ ಐವತ್ತು ನಿಮಿಷಕ್ಕೆ 41 ಸ್ಲೈಡು!

ಮ್ಯಾಕ್‌ನೆಲ್ ಅಧ್ಯಯನದಲ್ಲಿ ಸಮಯಪಾಲನೆಯಂಥ ಕಣ್ಣಿಗೆ ಕಾಣುವ ಸಂಗತಿಗೂ ಪೂರ್ವಗ್ರಹದ ಬಣ್ಣ ಹತ್ತಿತ್ತು, ನೆನಪಿದೆಯಾ? ಅದು ಅಂಕ. ಅಂಕಕ್ಕೆ ಬಣ್ಣ ಹತ್ತಿದ್ದು ಗೊತ್ತಾಗೋದಿಲ್ಲ. 'ಮೂರನೇ ಹೋಂವರ್ಕ್ ಪರೀಕ್ಷೆ ಮುಗಿದ ಮೇಲೆ ವಾಪಸ್ ಬಂತು' ಅಂತ ಬರೆದಿದ್ದರೆ ಹೌದೋ ಅಲ್ಲವೋ ನೋಡಬಹುದು. ಹಾಗಾಗಿ ನಮ್ಮ ಅಭಿಪ್ರಾಯ ಕೇಳಿದ್ರೆ, ಕಲಿಯಬೇಕು ಅನ್ನೋ ಮೇಷ್ಟ್ರು ಸರಾಸರಿಯನ್ನ ಕೊನೆಗೆ ನೋಡಬೇಕು, ಅಥವಾ ನೋಡದಿದ್ರೂ ನಡೆಯುತ್ತೆ.

ಆ್ಯಕ್ಸೆಂಟಿನ ಟಿಪ್ಪಣಿಯನ್ನ ನಾವು ಕಸದ ಬುಟ್ಟಿಯ ಕಾಲಂಗೆ ಹಾಕಿದ್ದೆವು. ರೂಬಿನ್ ಪ್ರಯೋಗದ ಕಥೆಯನ್ನೂ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅದನ್ನ ಎಸೀಬೇಡಿ, ಕೇಳಿಸೋದಿಲ್ಲ ಅನ್ನೋ ನಾಲ್ಕರ ಪಕ್ಕ ಇಡಿ' ಅಂದರು. ಆ ನಾಲ್ಕರಲ್ಲಿ ಮೂವರು ಹೇಳಿದ್ದು ಒಂದೇ: ಬೋರ್ಡ್ ಕಡೆ ತಿರುಗಿ ಬರೀತಾ ಮಾತಾಡ್ತಾರೆ, ಹಿಂದಿನ ಸಾಲಿಗೆ ಕೇಳಿಸೋದಿಲ್ಲ. 'ಮುಖ ಬದಲಾಯಿಸೋಕೆ ಆಗಲ್ಲ ಕಣ್ರೋ, ಮೈಕ್ ಹಾಕ್ಕೋಬಹುದಲ್ಲ.'

ನಾವು ಒಪ್ಪಲಿಲ್ಲ. ಈಗಲೂ ಪೂರ್ತಿ ಒಪ್ಪಿಲ್ಲ. ಇಂಗ್ಲಿಷ್ ಬರೋರನ್ನ ತಗೊಳ್ಳಿ ಅನ್ನೋ ಮಾತಿನಲ್ಲಿ ಉಪಯುಕ್ತವಾದದ್ದನ್ನ ಹುಡುಕುವ ಹೊರೆ ಯಾವಾಗಲೂ ಅವಮಾನ ಆದವರ ತಲೆ ಮೇಲೇ ಯಾಕೆ ಬೀಳಬೇಕು? ಕೆಲವು ಟಿಪ್ಪಣಿಗಳಲ್ಲಿ ಏನೂ ಇರೋದಿಲ್ಲ, ಅವನ್ನ ಓದದೆ ಇರೋದೇ ಒಳ್ಳೆಯದು. ಇದರಲ್ಲಿ ಮಾತ್ರ ಅವರಿಗೆ ಏನೋ ಸಿಕ್ಕಿತು. ಅದು ಅವರ ದೊಡ್ಡತನ, ಆ ಬರೆದವರದಲ್ಲ.

ಈ ಕೆಲಸವನ್ನ ಹೀಗೆ ಯಾರಾದ್ರೂ ಜೊತೆಗೆ ಕೂತು ಮಾಡಬೇಕು ಅನ್ನೋದು ನಮ್ಮ ಕಲ್ಪನೆಯಲ್ಲ. 1980ರಲ್ಲಿ ಪೀಟರ್ ಕೋಹೆನ್ 22 ಹೋಲಿಕೆಗಳನ್ನ ಒಟ್ಟು ಸೇರಿಸಿ ನೋಡಿದಾಗ, ಸೆಮಿಸ್ಟರ್ ಮಧ್ಯದಲ್ಲಿ ಫೀಡ್‌ಬ್ಯಾಕ್ ಪಡೆದ ಅಧ್ಯಾಪಕರು ಕೊನೆಯಲ್ಲಿ ಸ್ವಲ್ಪ ಸುಧಾರಿಸಿದ್ದು ಕಂಡಿತು. ಅದೇ ಫೀಡ್‌ಬ್ಯಾಕ್ ಕೊಡುವಾಗ ಅನುಭವಿ ಸಲಹೆಗಾರರು ಜೊತೆಗೆ ಕೂತು ಚರ್ಚಿಸಿದ್ದರೆ ಸುಧಾರಣೆ ಇನ್ನೂ ಚೆನ್ನಾಗಿತ್ತು. ಬರೀ ಕಾಗದ ಕೈಗಿಟ್ಟರೆ ಹೆಚ್ಚೇನೂ ಆಗೋದಿಲ್ಲ.

'ಸೆಮಿಸ್ಟರ್ ಮಧ್ಯದಲ್ಲಿ' ಅಂದದ್ದನ್ನ ಗಮನಿಸಿದ್ರಾ? ಕೊನೆಯಲ್ಲಿ ಕೇಳೋದು ಊಟ ಮುಗಿದು ಎಲೆ ಎತ್ತಿದ ಮೇಲೆ ಉಪ್ಪು ಸಾಕಾ ಅಂತ ಕೇಳಿದ ಹಾಗೆ. ಹೇಳಿದವರಿಗೆ ಅದರಿಂದ ಏನೂ ಸಿಗೋದಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಕ್ಲಾರ್ಕ್ ಅನ್ನೋರು ರೂಪಿಸಿದ ಒಂದು ಕ್ರಮ ಇದೆ. ಸೆಮಿಸ್ಟರ್ ನಡುವೆ ಒಂದು ದಿನ ಮೇಷ್ಟ್ರು ತರಗತಿಯಿಂದ ಹೊರಗೆ ಹೋಗ್ತಾರೆ. ಬೇರೊಬ್ಬರು ಬಂದು ವಿದ್ಯಾರ್ಥಿಗಳನ್ನ ಸಣ್ಣ ಗುಂಪುಗಳಾಗಿ ಕೂರಿಸಿ, ನಿಮ್ಮ ಕಲಿಕೆಗೆ ಯಾವುದು ನೆರವಾಗ್ತಿದೆ, ಏನು ಬದಲಾಗಬೇಕು, ಹೇಗೆ ಅಂತ ಕೇಳ್ತಾರೆ. ಗುಂಪುಗಳು ಒಮ್ಮತಕ್ಕೆ ಬಂದದ್ದನ್ನ ಮಾತ್ರ ಬರೆದುಕೊಳ್ತಾರೆ. ಒಬ್ಬನ ಸಿಟ್ಟು ಅಲ್ಲೇ ಸೋಸಿಹೋಗುತ್ತೆ.

ನಮ್ಮ ಗೆಳತಿಗೆ ಅಂಥ ಸೌಕರ್ಯ ಇರಲಿಲ್ಲ. ಜನವರಿ ಸೆಮಿಸ್ಟರಿನ ಐದನೇ ವಾರ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು ತರಗತಿಯಲ್ಲೇ ಐದು ನಿಮಿಷ ಬಿಟ್ಟರು. ಕೇಳಿದ್ದು ಎರಡೇ: ಈವರೆಗೆ ಯಾವ ಪಾಠದಲ್ಲಿ ಎಲ್ಲಿ ತಪ್ಪಿಹೋದಿರಿ? ಏನು ಮಾಡಿದ್ದು ಉಪಯೋಗವಾಯ್ತು? ತರಗತಿಯಲ್ಲೇ ಬರೆಸಿದ್ದರಿಂದ ಬಂದಿದ್ದ ಎಲ್ಲರ ಚೀಟಿಯೂ ಸಿಕ್ಕಿತು, ಪಾತ್ರೆ ಪೂರ್ತಿ ಕೈಯಾಡಿಸಿದ ಹಾಗೆ. ಮುಂದಿನ ತರಗತಿಯ ಮೊದಲ ಹತ್ತು ನಿಮಿಷ ಉತ್ತರ ಹೇಳಿದರು. ಮೈಕ್ ಹಾಕಿಕೊಂಡಿದ್ದೀನಿ. ಸ್ಲೈಡ್ ಅರ್ಧ ಮಾಡಿದ್ದೀನಿ. ವಾರದ ಕಿರುಪರೀಕ್ಷೆ ತೆಗೀರಿ ಅಂದಿದ್ದೀರಿ, ತೆಗೆಯೋದಿಲ್ಲ, ಯಾಕೆ ಅಂದ್ರೆ ಕಷ್ಟ ಅನ್ನಿಸೋದೇ ಕಲಿಯೋ ದಾರಿ ಆಗಿರಬಹುದು, ಅಂತ ಆ ಹಾರ್ವರ್ಡ್ ಪ್ರಯೋಗದ ಕಥೆಯನ್ನೇ ಹೇಳಿದರು. ಮಾತು ಕೇಳಿದ್ದೀನಿ ಅಂತ ತೋರಿಸೋದಕ್ಕೆ ಹೇಳಿದ್ದೆಲ್ಲ ಮಾಡಬೇಕಿಲ್ಲ.

ಈಗ ಕಹಿ ಭಾಗ. ಇಷ್ಟೆಲ್ಲ ಮಾಡಿದ್ರೂ ಒಪ್ಪಂದದ ಫೈಲಿಗೆ ಹೋಗೋದು ಆ ಸರಾಸರಿಯೇ. ಕೆನಡಾದ ಟೊರಾಂಟೊದಲ್ಲಿ, ಆಗ ರೈಯರ್ಸನ್ ಅಂತ ಹೆಸರಿದ್ದ ವಿಶ್ವವಿದ್ಯಾಲಯದಲ್ಲಿ, ಅಧ್ಯಾಪಕರ ಸಂಘ ಇದೇ ತಕರಾರು ಎತ್ತಿತ್ತು. 2018ರಲ್ಲಿ ಮಧ್ಯಸ್ಥಿಕೆದಾರ ವಿಲಿಯಂ ಕಪ್ಲಾನ್ ತೀರ್ಪು ಕೊಟ್ಟರು: ಬಡ್ತಿಗೆ, ಕಾಯಮಾತಿಗೆ ಪಾಠದ ಪರಿಣಾಮ ಅಳೆಯೋಕೆ ಈ ಅಂಕಗಳನ್ನ ಬಳಸುವಂತಿಲ್ಲ. ವಿದ್ಯಾರ್ಥಿಗಳ ಅನುಭವ ತಿಳಿಯೋಕೆ ಇವು ಬೇಕು ಅನ್ನೋದನ್ನ ಅವರು ಅಲ್ಲಗಳೆಯಲಿಲ್ಲ. ನಮ್ಮ ಗೆಳತಿಯ ಕಡೆ ಅಂಥ ತೀರ್ಪು ಬಂದಿಲ್ಲ.

ನಮ್ಮ ಊರಿನ ಕಡೆಯೂ ಒಂದು ಮಾತು. ಬೆಂಗಳೂರಿನಲ್ಲೇ ಕಚೇರಿ ಇರುವ ನ್ಯಾಕ್, ಕಾಲೇಜುಗಳಿಗೆ ದರ್ಜೆ ಕೊಡುವಾಗ ವಿದ್ಯಾರ್ಥಿಗಳ ತೃಪ್ತಿ ಸಮೀಕ್ಷೆಯನ್ನ 2017ರಲ್ಲಿ ಸೇರಿಸಿಕೊಂಡಿತು. ನಾವು ಓದುವಾಗಲೂ ಫೀಡ್‌ಬ್ಯಾಕ್ ಫಾರಂ ಇತ್ತು. ಸಿ.ಆರ್. ತಂದು ಹಂಚುತ್ತಿದ್ದ, ಒಂದೇ ಗೆರೆಯಲ್ಲಿ ಮೇಲಿಂದ ಕೆಳಗೆ ಐದು ಐದು ಗೀಚಿ ಬಸ್ ಹಿಡಿಯೋಕೆ ಓಡ್ತಿದ್ದೆವು. ಹೆಸರು ಬರೆಯದಿದ್ರೂ ಕೈಬರಹ ಗೊತ್ತಾಗುತ್ತೆ, ಇಂಟರ್ನಲ್ಸ್ ಅಂಕ ಅವರ ಕೈಯಲ್ಲಿದೆ ಅನ್ನೋ ಹೆದರಿಕೆ. ಅವತ್ತು ನಮಗೆ ಪಾಠ ಮಾಡಿದ ಒಬ್ಬ ಮೇಷ್ಟ್ರ ದನಿ ಮೂರನೇ ಬೆಂಚಿಗೂ ತಲುಪುತ್ತಿರಲಿಲ್ಲ. ಎರಡು ವರ್ಷ ಹಾಗೇ ಕೂತೆವು, ಒಬ್ಬರೂ ಬರೆಯಲಿಲ್ಲ. ಅವರಿಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ.

ಮೇ ತಿಂಗಳಲ್ಲಿ ಮತ್ತೆ ಇ-ಮೇಲ್ ಬಂತು. ಈ ಸಲ 4.0. ಬಹಳ ವ್ಯತ್ಯಾಸವೇನಲ್ಲ, ಅವರೇ ಹೇಳಿದ ಹಾಗೆ, ಇಷ್ಟು ಜನರಲ್ಲಿ ಇದು ಗಾಳಿಗೆ ಅಲ್ಲಾಡಿದಷ್ಟೇ. ಕೇಳಿಸೋದಿಲ್ಲ ಅನ್ನೋ ಟಿಪ್ಪಣಿ ಒಂದೂ ಇರಲಿಲ್ಲ. ಆ್ಯಕ್ಸೆಂಟ್ ಬಗ್ಗೆ ಒಂದು ಇತ್ತು. ಒಪ್ಪಂದದ ವಿಷಯ ಈ ಸಂಚಿಕೆ ಧ್ವನಿಮುದ್ರಿಸುವ ಹೊತ್ತಿಗೆ ತೀರ್ಮಾನವಾಗಿಲ್ಲ. ಫೈಲಿನ ಜೊತೆ ಅವರು ಒಂದು ಪುಟ ಸೇರಿಸಿದ್ದಾರೆ: ವಿದ್ಯಾರ್ಥಿಗಳು ಏನು ಹೇಳಿದರು, ಅದರಲ್ಲಿ ನಾನು ಏನು ಬದಲಾಯಿಸಿದೆ, ಯಾವುದನ್ನ ಬದಲಾಯಿಸಲಿಲ್ಲ, ಯಾಕೆ.

ಕೇಳುಗರಲ್ಲಿ ವಿದ್ಯಾರ್ಥಿಗಳು ಬಹಳ ಜನ ಇದ್ದೀರಿ. ಫಾರಂ ಬಂದಾಗ ಯಾವ ವಾರ, ಯಾವ ಪಾಠ, ಏನಾಯ್ತು ಅಂತ ಎರಡು ಸಾಲು ಬರೀರಿ. ಪಾಠ ಮಾಡುವವರು ನಿಮಗೆ ಬಂದ ಟಿಪ್ಪಣಿಗಳಲ್ಲಿ ಉಪಯೋಗಕ್ಕೆ ಬಂದದ್ದು ಯಾವುದು ಅಂತ ನಮಗೆ ಬರೆದು ಕಳಿಸಿ.